ಕೊಡುತ್ತದೋ, ತೆಗೆದುಕೊಳ್ಳುತ್ತದೋ

ಲೋತಾದ ದವಾಖಾನೆಯಲ್ಲಿ ಎರಡನೇ ಕೋಣೆ ನನ್ನದು.
ಎದೆಗೆ ತಂತಿ ಅಂಟಿಸುವುದು, ಹಾಳೆ ಹರಿಯುವುದು, ಹೆಸರು ಬರೆಯುವುದು.
ಇಪ್ಪತ್ತಾರು ವರ್ಷ. ಗಣಿ ಮುಚ್ಚಿದ ಮರುವರ್ಷ ಸೇರಿದವಳು.
ಕಲ್ಲಿದ್ದಲ ಧೂಳು ಕುಡಿದ ಎದೆಗಳೆಷ್ಟೋ ನೋಡಿದ್ದೇನೆ,
ಕೂದಲು ಬೋಳಿಸಿ, ಬೆವರು ಒರೆಸಿ,
"ಅಲುಗಬೇಡಿ, ಉಸಿರು ಹಿಡಿಯಿರಿ" ಎನ್ನುತ್ತ
ಹಿಟ್ಟು ನಾದುವವಳ ಹಾಗೆ, ಮುಖ ನೋಡದೆ.

ಒತಿಲಿಯಾ ರಿಫ್ಫೊ ಮೊದಲು ಬಂದದ್ದು ಹನ್ನೊಂದು ವರ್ಷದ ಹಿಂದೆ.
ಬಾಗಿಲವರೆಗೆ ಬಂದಳು. ಮಂಚ ನೋಡಿದಳು.
ತಲೆದೆಸೆಯ ಕಬ್ಬಿಣದ ಸರಳುಗಳನ್ನು
ಎಣಿಸುವವಳಂತೆ ನೋಡಿದಳು.
ಕೊಡೆ ಮರೆತು ಹೊರಟುಹೋದಳು.
ನಾನು ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ:
ಸಹಕರಿಸುವುದಿಲ್ಲ.

ಅಲ್ಲಿಂದಾಚೆಗೆ ಆ ಮಾತು
ಅವಳಿಗಿಂತ ಮುಂಚೆ ಕೋಣೆಯೊಳಗೆ ಬರುತ್ತಿತ್ತು.
ಡಾಕ್ಟರುಗಳು ಬದಲಾದರು, ಸಾಂತ್ಯಾಗೊದವರು, ವೆನೆಜುವೆಲಾದವರು.
ಮಾತು ಬದಲಾಗಲಿಲ್ಲ. ಮಾತ್ರೆ ಹೆಚ್ಚುತ್ತ ಹೋಯಿತು.

ಈ ಚಳಿಗಾಲ ಬಂದ ಡಾಕ್ಟರ್ ಇಸೌರಾ ಮಾತುರಾನಾ
ಮೇಜನ್ನು ಗೋಡೆಗೆ ತಳ್ಳಿಸಿದರು,
ರೋಗಿಗೂ ಬಾಗಿಲಿಗೂ ನಡುವೆ ಏನೂ ಇರದ ಹಾಗೆ.
ನಮಗೆಲ್ಲ ನಗು. ಮೇಜು ಸರಿಸಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆಯೇ?
ನನ್ನ ಕೆಂಪು ಬರಹ ಓದಿ ಬೈಯಲೂ ಇಲ್ಲ.
"ಯಾವುದಕ್ಕೆ ಸಹಕರಿಸುವುದಿಲ್ಲ?" ಎಂದಷ್ಟೇ ಕೇಳಿದರು.
ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಗುರುವಾರ. ಸಮುದ್ರದ ಮಂಜು ಕಿಟಕಿಗೆ ಒರಗಿತ್ತು.
ಒತಿಲಿಯಾ ಹೊಸ್ತಿಲಲ್ಲಿ.
ಮಲಗಲೇಬೇಕೆಂದಿಲ್ಲ, ಎಂದರು ಡಾಕ್ಟರ್. ಕುರ್ಚಿ ಇದೆ.
ಬಾಗಿಲು ತೆರೆದಿರಲೋ, ಮುಚ್ಚಲೋ?
ಇವತ್ತೇ ಆಗಬೇಕೆಂದೂ ಇಲ್ಲ.
ಯಾಕೆ ಭಯ ಎನ್ನಲಿಲ್ಲ. ಏನಾಗಿತ್ತು ಎಂದೂ ಇಲ್ಲ.
ಬಹಳ ಹೊತ್ತಿನ ಮೇಲೆ ಒತಿಲಿಯಾ
ನನ್ನ ಕೈಯ ತಂತಿಗಳ ಗೊಂಚಲು ತೋರಿಸಿ ಕೇಳಿದಳು:
"ಇದು ಕೊಡುತ್ತದೋ, ತೆಗೆದುಕೊಳ್ಳುತ್ತದೋ?"

ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.
ಮನಸ್ಸು ತಾನಾಗಿ ಲೆಕ್ಕ ಹಾಕಿತು:
ಈಗ ಎಪ್ಪತ್ತು. ಎಪ್ಪತ್ತಮೂರರಲ್ಲಿ ಹತ್ತೊಂಬತ್ತು.
ನನ್ನಪ್ಪನಿಗೆ ಆಗ ಇಪ್ಪತ್ತು, ಸಮವಸ್ತ್ರದಲ್ಲಿ, ಬಂದರಿನ ಕಡೆ.
ಅಲ್ಲಿ ಅವನಿಗೆ ಯಾವ ಕೆಲಸ ಎಂದು
ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ.

"ಕೊಡುವುದಿಲ್ಲ," ಎಂದೆ. "ಇದರಿಂದ ಏನೂ ಬರುವುದಿಲ್ಲ.
ಇದು ಕೇಳುತ್ತದೆ, ಅಷ್ಟೇ."
ಗೋಡೆಯ ಪ್ಲಗ್ಗು ಕಿತ್ತು ಅವಳ ಮಡಿಲಲ್ಲಿಟ್ಟೆ:
ಬ್ಯಾಟರಿಯಲ್ಲೇ ನಡೆಯುತ್ತದೆ, ನೋಡಿ.
ಮೊದಲು ನನಗೇ ಅಂಟಿಸಿಕೊಂಡೆ.
ನನ್ನ ಗುಂಡಿಗೆ ಹಾಳೆಯ ಮೇಲೆ ಎಡವುತ್ತ ಓಡಿತು.
ಆ ಗೀಟು ನೋಡಿ, "ನಿನಗೂ ಇಷ್ಟು ಪುಕ್ಕಲೇ" ಎಂದಳು.

ಆಮೇಲೆ ತಾನೇ ಅಂಟಿಸಿಕೊಂಡಳು,
ಶಾಲಿನ ಒಳಗೆ, ನಾನು ಜಾಗ ಹೇಳುತ್ತ ಹೋದಂತೆ.
ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಒಂದೊಂದೇ ಕೊಟ್ಟೆ.
ನಾಲ್ಕನೆಯದು ಎರಡು ಬೆರಳು ತಪ್ಪಿತ್ತು.
ಐದನೆಯದಕ್ಕೆ ಕೈ ನಿಂತಿತು. ನಿಂತೇ ಇತ್ತು.
ಹೊರಗೆ ಹದಿನಾಲ್ಕು ಜನ, ಯಾರೋ ಕೆಮ್ಮುತ್ತಿದ್ದರು.
"ಸಾಕು," ಎಂದಳು.
ಅಂದ ತಕ್ಷಣ ಗುಂಡಿ ಒತ್ತಿದೆ.
ಯಂತ್ರ ನಿಂತಿತು.
ಸಾಕು ಎಂದರೆ ನಿಲ್ಲುವ ಯಂತ್ರವನ್ನು
ಒತಿಲಿಯಾ ಬಹಳ ಹೊತ್ತು ನೋಡಿದಳು.

ಹಾಳೆ ಬರಲಿಲ್ಲ. ಮುಂದಿನ ಗುರುವಾರ ಬರುತ್ತಾಳಂತೆ,
ಬರದೆಯೂ ಇರಬಹುದು.
ಕಪಾಟಿನ ಹಿಂದಿದ್ದ ಕೊಡೆ ಕೊಟ್ಟೆ.
ಬಿಚ್ಚಿ ನೋಡಿದಳು, ಒಂದು ಕಡ್ಡಿ ಮುರಿದಿತ್ತು.
ಕಡತದ ಕೆಂಪು ಮಾತು ಹೊಡೆದುಹಾಕಿ
ಪಕ್ಕದಲ್ಲಿ ಬರೆದೆ: ನಾಲ್ಕು ಅಂಟಿಸಿಕೊಂಡರು. ತಾವೇ.

ರಾತ್ರಿ ಅಪ್ಪನ ತೋಳಿಗೆ ಪಟ್ಟಿ ಕಟ್ಟಿದೆ,
ದಿನವೂ ಕಟ್ಟುವ ಹಾಗೆ. ಅದು ಬಿಗಿಯುತ್ತಿದ್ದಂತೆ
ಅವನು ಕಣ್ಣು ಮುಚ್ಚಿದ.
ಕೇಳಬೇಕೆಂದು ಬಾಯಿ ತೆರೆದೆ.
ನೂರಾ ಐವತ್ತೆರಡು. ಬರೆದುಕೊಂಡೆ.